ಸೌನಾದಿಂದ ಹೊರಬಂದ ಚರ್ಮದ ಬಗ್ಗೆ

ಸೌನಾದ ಕುರಿತು ಬರೆಯುವವರಲ್ಲಿ ಹೆಚ್ಚಿನವರು ಚರ್ಮದ ವಿಷಯ ಬಂದೊಡನೆ ಮೂರು ಮಾತುಗಳನ್ನು ಹೇಳಿ ಮುಗಿಸುತ್ತಾರೆ: ಬೆವರಿನೊಂದಿಗೆ ದೇಹದ ವಿಷವೆಲ್ಲ ಹೊರಹೋಗುತ್ತದೆ, ರೋಮಕೂಪಗಳು ತೆರೆದುಕೊಂಡು ಒಳಗಿನ ಕೊಳೆ ಕಳೆಯುತ್ತದೆ, ಮುಖಕ್ಕೆ ಕಾಂತಿ ಬರುತ್ತದೆ. ಇವುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ತಪ್ಪು, ಎರಡನೆಯದು ಅರ್ಧ ಸತ್ಯ, ಮೂರನೆಯದು ನಿಜವೇ ಆದರೂ ಸ್ವಲ್ಪ ಹೊತ್ತಿನ ಮಟ್ಟಿಗೆ ಮಾತ್ರ ನಿಜ. ಹಾಗೆಂದು ಸೌನಾದಿಂದ ಚರ್ಮಕ್ಕೆ ಏನೂ ಆಗುವುದಿಲ್ಲ ಎಂದು ತಿಳಿಯಬೇಕಾಗಿಲ್ಲ. ಆಗುವುದು ಬಹಳಷ್ಟಿದೆ, ಆದರೆ ಅದರಲ್ಲಿ ಮುಖ್ಯವಾದ ಪಾಲು ನಡೆಯುವುದು ಬಿಸಿ ಕೋಣೆಯೊಳಗಲ್ಲ, ಅಲ್ಲಿಂದ ಹೊರಬಂದ ಮೇಲಿನ ಒಂದೆರಡು ಗಂಟೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಸ್ವಭಾವತಃ ಒಣ ಚರ್ಮವುಳ್ಳವಳಾದ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಸಹಜ. ಇಷ್ಟೊಂದು ಬಿಸಿಯಾದ, ಇಷ್ಟೊಂದು ಒಣಗಿದ ಗಾಳಿ ಚರ್ಮವನ್ನು ಮತ್ತಷ್ಟು ಒಣಗಿಸಬೇಕಲ್ಲವೇ ಎಂಬ ಪ್ರಶ್ನೆಗೆ ದೊರೆತ ಉತ್ತರ ನಾನು ಅಂದುಕೊಂಡಷ್ಟು ಸರಳವಾಗಿರಲಿಲ್ಲ.

ಮೊದಲು ಸೌನಾ ಎಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಹೆಸರಿನಲ್ಲಿ ಇಂದು ಬೇರೆಬೇರೆ ಬಗೆಯ ಬಿಸಿ ಕೋಣೆಗಳು ಚಾಲ್ತಿಯಲ್ಲಿವೆ. ಫಿನ್ಲೆಂಡಿನ ಸಾಂಪ್ರದಾಯಿಕ ಸೌನಾ ಮರದ ಹಲಗೆಗಳಿಂದ ಮಾಡಿದ ಕೋಣೆ. ಒಲೆಯ ಮೇಲೆ ರಾಶಿ ಹಾಕಿದ ಕಲ್ಲುಗಳನ್ನು ಕಾಯಿಸಿ, ಆಗಾಗ ಅವುಗಳ ಮೇಲೆ ನೀರು ಚೆಲ್ಲಿ ಹಬೆ ಎಬ್ಬಿಸುತ್ತಾರೆ. ಕೂರುವ ಎತ್ತರದಲ್ಲಿ ಗಾಳಿಯ ಉಷ್ಣಾಂಶ ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ, ಸಾಪೇಕ್ಷ ಆರ್ದ್ರತೆ ಶೇಕಡಾ 10ರಿಂದ 20ರಷ್ಟು. ಈ ಸ್ನಾನ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಬೆಸ್ನಾನದ ಕೋಣೆ ಇದಕ್ಕಿಂತ ಬೇರೆ: ಅಲ್ಲಿ ಉಷ್ಣಾಂಶ 40ರಿಂದ 50 ಡಿಗ್ರಿಯ ಆಸುಪಾಸಿನಲ್ಲಿದ್ದು ಗಾಳಿ ನೀರಾವಿಯಿಂದ ತುಂಬಿ ತುಳುಕುತ್ತಿರುತ್ತದೆ. ಇನ್ಫ್ರಾರೆಡ್ ಸೌನಾ ಎಂದು ಕರೆಯುವುದು ಮೂರನೆಯ ಬಗೆ. ಅದು ಗಾಳಿಯನ್ನು ಅಷ್ಟಾಗಿ ಕಾಯಿಸದೆ ಅವಕೆಂಪು ಕಿರಣಗಳ ಮೂಲಕ ನೇರವಾಗಿ ದೇಹಕ್ಕೆ ಶಾಖ ಕೊಡುತ್ತದೆ. ಒಂದರ ಬಗ್ಗೆ ನಡೆದ ಅಧ್ಯಯನವನ್ನು ಇನ್ನೊಂದರ ಜಾಹೀರಾತಿಗೆ ಬಳಸುವ ಪರಿಪಾಠ ಧಾರಾಳವಾಗಿದೆ. ಓದುವಾಗ ಇದೊಂದನ್ನು ಗಮನಿಸಿದರೆ ಅರ್ಧ ಗೊಂದಲ ಕಳೆಯುತ್ತದೆ.

ಕುದಿಯುವ ನೀರಿನ ಮಟ್ಟಕ್ಕೆ ಹತ್ತಿರವಾದ ಗಾಳಿಯಲ್ಲಿ ಕುಳಿತರೂ ಚರ್ಮ ಏಕೆ ಸುಡುವುದಿಲ್ಲ? 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮಕ್ಕೆ ತೀವ್ರ ಗಾಯ ಮಾಡಬಲ್ಲದು, ಆದರೆ 90 ಡಿಗ್ರಿಯ ಒಣ ಗಾಳಿಯಲ್ಲಿ ಹತ್ತು ನಿಮಿಷ ಕೂರುವುದು ಆರೋಗ್ಯವಂತರಿಗೆ ಸಾಧ್ಯ. ಗಾಳಿ ಶಾಖವನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ, ಸಾಗಿಸುವುದೂ ಕಡಿಮೆ. ಜೊತೆಗೆ ಚರ್ಮದಡಿಯ ರಕ್ತ ಶಾಖವನ್ನು ಒಳಕ್ಕೆ ಒಯ್ದು ಹಂಚುತ್ತದೆ ಮತ್ತು ಬೆವರು ಆವಿಯಾಗುತ್ತ ಮೇಲ್ಮೈಯನ್ನು ತಣಿಸುತ್ತದೆ. ಹೀಗಾಗಿ ಕೆಲವು ನಿಮಿಷಗಳಲ್ಲಿ ಚರ್ಮದ ಉಷ್ಣಾಂಶ ಸುಮಾರು 40 ಡಿಗ್ರಿಗೆ ಏರಿ ಅಲ್ಲಿಯೇ ತಡೆದು ನಿಲ್ಲುತ್ತದೆ. ಚರ್ಮದಲ್ಲಿನ ಶಾಖದ ನೋವನ್ನು ಗುರುತಿಸುವ ನರತುದಿಗಳು ಎಚ್ಚರಗೊಳ್ಳುವುದು ಸುಮಾರು 43 ಡಿಗ್ರಿಯಲ್ಲಿ. ಅಂದರೆ ಸಹಿಸಬಹುದಾದ ಬಿಸಿಗೂ ನೋವಿಗೂ ನಡುವಿನ ಅಂತರ ಬಹಳ ಕಿರಿದು.

ಕಲ್ಲಿನ ಮೇಲೆ ನೀರು ಬಿದ್ದಾಗ ಈ ಅಂತರ ಇನ್ನೂ ಕಿರಿದಾಗುತ್ತದೆ, ಮತ್ತು ಇದರ ಹಿಂದಿನ ಕಾರಣ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯಕರವಾಗಿ ಕಂಡಿದೆ. ಗಾಳಿಯಲ್ಲಿ ನೀರಾವಿ ಹೆಚ್ಚಾದಂತೆ ಅದರ ಇಬ್ಬನಿ ಬಿಂದು, ಅಂದರೆ ಯಾವ ಉಷ್ಣಾಂಶಕ್ಕಿಂತ ತಣ್ಣಗಿರುವ ಮೇಲ್ಮೈಯ ಮೇಲೆ ಆವಿ ನೀರಾಗಿ ಕೂರುತ್ತದೆಯೋ ಆ ಉಷ್ಣಾಂಶ, ಏರುತ್ತದೆ. 90 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಕೇವಲ ಶೇಕಡಾ 15 ಇದ್ದರೂ ಇಬ್ಬನಿ ಬಿಂದು ಸುಮಾರು 47 ಡಿಗ್ರಿ. ನಮ್ಮ ಚರ್ಮ ಅದಕ್ಕಿಂತ ತಣ್ಣಗಿರುವುದರಿಂದ ಆವಿ ನೇರವಾಗಿ ಮೈಮೇಲೆ ಹನಿಗಟ್ಟುತ್ತದೆ. ಹಾಗೆ ಹನಿಗಟ್ಟುವ ಪ್ರತಿ ಗ್ರಾಂ ನೀರೂ ಸುಮಾರು 2,400 ಜೂಲ್ ಶಾಖವನ್ನು ಚರ್ಮಕ್ಕೆ ಬಿಟ್ಟುಕೊಡುತ್ತದೆ. ನೀರು ಚೆಲ್ಲಿದ ಕೂಡಲೇ ಕಿವಿ, ಭುಜ, ಬೆರಳ ತುದಿಗಳಲ್ಲಿ ಚುರುಕ್ ಎನ್ನುವ ಅನುಭವಕ್ಕೆ ಇದೇ ಕಾರಣ. ಇದರಿಂದ ತಿಳಿಯುವ ಇನ್ನೊಂದು ವಿಷಯವೂ ಇದೆ: ಸೌನಾದಲ್ಲಿ ಮೈಮೇಲೆ ಹರಿಯುವ ನೀರೆಲ್ಲ ಬೆವರಲ್ಲ. ಅದರಲ್ಲಿ ಒಂದು ಪಾಲು ಗಾಳಿಯಿಂದ ಬಂದು ಕುಳಿತ ನೀರು. "ಎಷ್ಟು ಬೆವರಿದೆ ನೋಡಿ" ಎಂದು ಹೆಮ್ಮೆಪಡುವವರು ಇದನ್ನು ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಳಗಡೆ ರಕ್ತಸಂಚಾರದ ಬದಲಾವಣೆ ಇದಕ್ಕಿಂತ ದೊಡ್ಡದು. ವಿಶ್ರಾಂತ ಸ್ಥಿತಿಯಲ್ಲಿ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟೋ ಅದಕ್ಕಿಂತ ಕಡಿಮೆಯೋ ರಕ್ತ ಹರಿಯುತ್ತದೆ. ತೀವ್ರ ಶಾಖದ ಸ್ಥಿತಿಯಲ್ಲಿ ಇದು 6ರಿಂದ 8 ಲೀಟರ್‌ವರೆಗೂ ಏರಬಲ್ಲದು. ಸೌನಾದಲ್ಲಿ ಎಲ್ಲರಿಗೂ ಅಷ್ಟರ ಮಟ್ಟಿಗೆ ಏರದಿದ್ದರೂ, ಹಲವು ಪಟ್ಟು ಹೆಚ್ಚುವುದಂತೂ ಹೌದು. ರಕ್ತನಾಳಗಳ ಒಳಪದರ ಉತ್ಪಾದಿಸುವ ನೈಟ್ರಿಕ್ ಆಕ್ಸೈಡ್ ಈ ಹಿಗ್ಗುವಿಕೆಯಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಹೊರಬಂದಾಗ ಕಾಣುವ ಕೆಂಪು ಛಾಯೆ, ಕೆನ್ನೆಯ ಹೊಳಪು, ಮುಟ್ಟಿದರೆ ಮೃದುವೆನ್ನಿಸುವ ತುಂಬಿದ ಮೈ, ಎಲ್ಲವೂ ಹಿಗ್ಗಿದ ರಕ್ತನಾಳ ಮತ್ತು ನೀರು ಹೀರಿ ಉಬ್ಬಿದ ಹೊರಪದರದ ಪರಿಣಾಮ. ಮೈ ತಣಿದಂತೆ ರಕ್ತನಾಳಗಳು ಮೊದಲಿನ ಅಳತೆಗೆ ಮರಳುತ್ತವೆ, ಕಾಂತಿಯೂ ಅದರ ಜೊತೆಗೇ ಇಳಿಯುತ್ತದೆ. ಈ ಕಾಂತಿಯನ್ನು ಆರೋಗ್ಯದ ಅಳತೆಗೋಲಾಗಿ ನಾನು ಎಣಿಸುವುದಿಲ್ಲ, ಆದರೆ ಅದು ಚೆನ್ನಾಗಿ ಕಾಣುತ್ತದೆ ಎಂಬುದನ್ನು ಅಲ್ಲಗಳೆಯುವ ಹಟವೂ ನನಗಿಲ್ಲ.

ಇನ್ನು ಬೆವರು. ಮನುಷ್ಯನ ಮೈಯಲ್ಲಿ 20ರಿಂದ 40 ಲಕ್ಷ ಬೆವರಗ್ರಂಥಿಗಳಿವೆ, ಮತ್ತು ಒಂದು ಸೌನಾ ಸ್ನಾನದಲ್ಲಿ ಸುಮಾರು ಅರ್ಧ ಕಿಲೊ ಬೆವರು ಸುರಿಯುವುದು ಸಾಮಾನ್ಯ. ಆ ಬೆವರಿನಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಭಾಗ ನೀರು. ಉಳಿದುದು ಉಪ್ಪು, ಸ್ವಲ್ಪ ಪೊಟ್ಯಾಸಿಯಮ್, ಯೂರಿಯಾ, ಲ್ಯಾಕ್ಟೇಟ್ ಮುಂತಾದವು. ಕೆಲವು ಲೋಹಗಳು ಅತ್ಯಲ್ಪ ಪ್ರಮಾಣದಲ್ಲಿ ಬೆವರಿನಲ್ಲಿ ಕಾಣಿಸುತ್ತವೆಯಾದರೂ, ದೇಹದ ತ್ಯಾಜ್ಯವನ್ನು ಹೊರಹಾಕುವ ನಿಜವಾದ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಅವು ಸರಿಯಾಗಿ ನಡೆಯುತ್ತಿದ್ದರೆ ಬೆವರಿನ ಸಹಾಯ ಬೇಕಿಲ್ಲ, ಅವು ಕೈಕೊಟ್ಟರೆ ಬೆವರಿನಿಂದ ಆ ಕೆಲಸ ಆಗುವುದೂ ಇಲ್ಲ. ಬೆವರಿನ ಕೆಲಸ ತಣಿಸುವುದು. ವಿಷ ಹೊರಹಾಕುವ ಮಾತನ್ನು ಇಷ್ಟಕ್ಕೇ ಬಿಟ್ಟುಬಿಡೋಣ.

ಹಾಗಿದ್ದರೂ ಬೆವರು ಚರ್ಮದ ಮಟ್ಟಿಗೆ ಬರಿಯ ಉಪ್ಪುನೀರಲ್ಲ. ಅದರಲ್ಲಿರುವ ಯೂರಿಯಾ ಮತ್ತು ಲ್ಯಾಕ್ಟೇಟ್ ಎರಡೂ ಚರ್ಮದ ಹೊರಪದರದಲ್ಲಿ ನೀರನ್ನು ಹಿಡಿದಿಡುವ ಸಹಜ ತೇವಕಾರಕಗಳ ಗುಂಪಿಗೆ ಸೇರಿದವು. ಚರ್ಮಕ್ಕೆ ಹಚ್ಚುವ ಅನೇಕ ಕ್ರೀಮುಗಳಲ್ಲಿಯೂ ಇವೇ ಇರುತ್ತವೆ. 2001ರಲ್ಲಿ ಜರ್ಮನಿಯ ಸಂಶೋಧಕರು ಬೆವರಗ್ರಂಥಿಗಳೇ ತಯಾರಿಸುವ ಡರ್ಮ್‌ಸಿಡಿನ್ ಎಂಬ ಪ್ರೋಟೀನನ್ನು ವರದಿ ಮಾಡಿದರು. ಇದರ ತುಣುಕುಗಳು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಅಟೊಪಿಕ್ ಡರ್ಮಟೈಟಿಸ್ ಎಂಬ ಇಸುಬಿನಿಂದ ಬಳಲುವವರ ಬೆವರಿನಲ್ಲಿ ಇದರ ಪ್ರಮಾಣ ಕಡಿಮೆ ಇರುವುದು ಅನಂತರ ಕಂಡುಬಂತು. ಆದರೆ ಬೆವರು ಹೆಚ್ಚು ಹೊತ್ತು ಮೈಮೇಲೆ ನಿಂತರೆ ಲೆಕ್ಕ ಬದಲಾಗುತ್ತದೆ. ಹೊರಪದರ ನೀರು ಹೀರಿ ಉಬ್ಬಿ ಬೆವರುನಾಳಗಳ ಬಾಯಿ ಕಿರಿದಾಗುತ್ತದೆ, ಬೆವರುವುದೇ ಕಡಿಮೆಯಾಗುತ್ತದೆ. ನಾಳ ಪೂರ್ತಿ ಮುಚ್ಚಿಕೊಂಡರೆ ಬೆವರು ಒಳಗೇ ಸೋರಿ ಬೆವರುಸಾಲೆ ಏಳುತ್ತದೆ. ನೀರು ಆವಿಯಾಗಿ ಉಳಿದ ಉಪ್ಪು ಒಣ ಚರ್ಮವನ್ನು ಕೆರಳಿಸುವುದು ಬೇರೆ.

ಈಗ ನಾನು ಮುಖ್ಯವೆಂದು ಹೇಳಿದ ಭಾಗಕ್ಕೆ ಬರುತ್ತೇನೆ. ಚರ್ಮದ ಅತ್ಯಂತ ಹೊರಗಿನ ಪದರ ಹೆಚ್ಚಿನ ಕಡೆ 10ರಿಂದ 20 ಮೈಕ್ರೊಮೀಟರ್ ದಪ್ಪದ್ದು, ಅಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಲ್ಲ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆಗಳಂತೆಯೂ, ಅವುಗಳ ನಡುವೆ ತುಂಬಿದ ಸೆರಮೈಡ್, ಕೊಲೆಸ್ಟರಾಲ್ ಮತ್ತು ಮೇದಾಮ್ಲಗಳು ಗಾರೆಯಂತೆಯೂ ಇರುವ ಈ ತೆಳು ಗೋಡೆಯೇ ದೇಹದ ನೀರು ಹೊರಗೆ ಆವಿಯಾಗದಂತೆ, ಹೊರಗಿನ ಕೆರಳಿಸುವ ವಸ್ತುಗಳು ಒಳಗೆ ಬಾರದಂತೆ ತಡೆಯುತ್ತದೆ. ಈ ತಡೆಯನ್ನು ಅಳೆಯುವುದಕ್ಕೆ ಚರ್ಮತಜ್ಞರು ಬಳಸುವ ಮಾಪನಗಳಲ್ಲಿ ಮುಖ್ಯವಾದವು ಮೂರು: ಚರ್ಮದ ಮೂಲಕ ಸದ್ದಿಲ್ಲದೆ ಆವಿಯಾಗಿ ಹೋಗುವ ನೀರಿನ ಪ್ರಮಾಣ, ಹೊರಪದರದಲ್ಲಿರುವ ತೇವಾಂಶ, ಮತ್ತು ಮೇಲ್ಮೈಯ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ (ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು). ಆರೋಗ್ಯಕರ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಸುಮಾರು 4.5ರಿಂದ 5.5. ಸೆರಮೈಡ್ ತಯಾರಿಸುವ ಕಿಣ್ವಗಳು ಚೆನ್ನಾಗಿ ಕೆಲಸ ಮಾಡಲು ಈ ಆಮ್ಲೀಯತೆ ಬೇಕು. ಪಿಎಚ್ ಏರಿ ಹಾಗೆಯೇ ಉಳಿದರೆ ಗೋಡೆಯ ದುರಸ್ತಿ ನಿಧಾನವಾಗುತ್ತದೆ.

ಸೌನಾದೊಳಗೆ ಈ ಮೂರೂ ಏರುಪೇರಾಗುತ್ತವೆ. ಶಾಖಕ್ಕೆ ಗಾರೆಯ ಭಾಗ ಸಡಿಲವಾಗುತ್ತದೆ, ನೀರಿನ ನಷ್ಟ ಹೆಚ್ಚುತ್ತದೆ, ಪಿಎಚ್ ಬದಲಾಗುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಗೋಡೆ ಅಲುಗಾಡುತ್ತದೆಯೇ ಎಂದಲ್ಲ, ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂದು. 2008ರಲ್ಲಿ "ಡರ್ಮಟಾಲಜಿ" ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನವೊಂದು ನೇರವಾಗಿ ಇದನ್ನೇ ಕೈಗೆತ್ತಿಕೊಂಡಿತು. 20ರಿಂದ 49 ವರ್ಷದೊಳಗಿನ 41 ಮಂದಿ ಆರೋಗ್ಯವಂತರು ಅದರಲ್ಲಿ ಪಾಲ್ಗೊಂಡಿದ್ದರು. 80 ಡಿಗ್ರಿಯ ಸೌನಾದಲ್ಲಿ 15 ನಿಮಿಷಗಳಂತೆ ಎರಡು ಸರದಿ ಕೂರಿಸಿ, ಅವರ ಚರ್ಮವನ್ನು ಅಳೆಯಲಾಯಿತು. ನಿಯಮಿತವಾಗಿ ಸೌನಾ ಬಳಸುವವರ ಗುಂಪಿನಲ್ಲಿ ಚರ್ಮದ ತಡೆಗೋಡೆ ಹೆಚ್ಚು ಸ್ಥಿರವಾಗಿತ್ತು, ಹೊರಪದರದ ತೇವಾಂಶ ಹೆಚ್ಚಾಗಿತ್ತು, ಮತ್ತು ಏರಿದ ನೀರಿನ ನಷ್ಟ ಹಾಗೂ ಪಿಎಚ್ ಎರಡೂ ಹೋಲಿಕೆಯ ಗುಂಪಿಗಿಂತ ಬೇಗ ಮೊದಲಿನ ಮಟ್ಟಕ್ಕೆ ಮರಳಿದವು. ಹಣೆಯ ಮೇಲಿನ ಜಿಡ್ಡಿನ ಪ್ರಮಾಣವೂ ಅವರಲ್ಲಿ ಕಡಿಮೆಯಿತ್ತು. ಬೆವರಿನಲ್ಲಿನ ಲವಣಗಳ ಸಾಂದ್ರತೆ, ಚರ್ಮದ ರಕ್ತಸಂಚಾರ ಮತ್ತು ಎದೆಬಡಿತದಲ್ಲಿಯೂ ದೇಹ ರೂಢಿ ಮಾಡಿಕೊಂಡ ಗುರುತು ಕಂಡಿತು.

ಒಣ ಚರ್ಮದವರು ಅಂಜುವುದಕ್ಕೆ ಇದು ಬಹುಮಟ್ಟಿಗೆ ವಿರುದ್ಧವಾದ ಫಲಿತಾಂಶ. ಶಾಖಕ್ಕೆ ಹೊಂದಿಕೊಂಡ ದೇಹ ಬೇಗ ಬೆವರಲಾರಂಭಿಸುತ್ತದೆ, ಬೆವರಿನಲ್ಲಿ ಕಡಿಮೆ ಉಪ್ಪನ್ನು ಕಳೆದುಕೊಳ್ಳುತ್ತದೆ ಎಂಬುದು ವ್ಯಾಯಾಮ ಶಾಸ್ತ್ರದಲ್ಲಿ ಹಿಂದಿನಿಂದಲೂ ತಿಳಿದ ವಿಷಯ. ಈ ಹೊಂದಾಣಿಕೆಯ ಹೆಚ್ಚಿನ ಭಾಗ ಒಂದೆರಡು ವಾರಗಳ ನಿತ್ಯ ಅಭ್ಯಾಸದಲ್ಲಿ ಸಿದ್ಧಿಸುತ್ತದೆ. ಚರ್ಮದ ತಡೆಗೋಡೆಯೂ ಹಾಗೆಯೇ ಪದೇ ಪದೇ ಸಣ್ಣ ಪ್ರಮಾಣದಲ್ಲಿ ಅಲುಗಾಡಿಸಿಕೊಂಡು, ಪದೇ ಪದೇ ದುರಸ್ತಿಯಾಗುತ್ತ, ದುರಸ್ತಿಯ ಕೆಲಸದಲ್ಲಿಯೇ ಚುರುಕಾಗುತ್ತದೆ ಎಂದು ನಾನು ಅರ್ಥೈಸುತ್ತೇನೆ. ಆದರೆ ಈ ಅರ್ಥವನ್ನು ಎಳೆದಾಡುವುದಕ್ಕೂ ಮಿತಿಯಿದೆ. 41 ಮಂದಿ ದೊಡ್ಡ ಸಂಖ್ಯೆಯಲ್ಲ. ಅವರೆಲ್ಲರೂ ಆರೋಗ್ಯವಂತರು, ಐವತ್ತು ದಾಟದವರು. ವಯಸ್ಸಾದಂತೆ ಚರ್ಮದ ಮೇದಸ್ಸು ಕಡಿಮೆಯಾಗಿ ದುರಸ್ತಿ ನಿಧಾನವಾಗುತ್ತದೆ, ಇಸುಬು ಇದ್ದವರಲ್ಲಿ ಗೋಡೆ ಮೊದಲೇ ಶಿಥಿಲವಾಗಿರುತ್ತದೆ. ಅಂಥವರು ಈ ಫಲಿತಾಂಶವನ್ನು ಹಾಗೆಯೇ ತಮ್ಮದೆಂದು ಹೇಳಿಕೊಳ್ಳುವಂತಿಲ್ಲ.

ರೋಮಕೂಪ ತೆರೆಯುವ ಮಾತಿಗೆ ಹೆಚ್ಚು ಜಾಗ ಬೇಡ. ರೋಮಕೂಪದ ಬಾಯಿಗೆ ಅದನ್ನು ತೆರೆದು ಮುಚ್ಚುವ ಸ್ನಾಯುವಿಲ್ಲ. ಕೂದಲನ್ನು ನಿಮಿರಿಸುವ ಸ್ನಾಯು ಇದೆ, ಅದರ ಕೆಲಸ ಬೇರೆ. ಶಾಖಕ್ಕೆ ಜಿಡ್ಡು ಮೆದುವಾಗಿ ಸುಲಭವಾಗಿ ಹರಿಯುತ್ತದೆ, ಸತ್ತ ಕೋಶಗಳು ನೆನೆದು ಸಡಿಲವಾಗುತ್ತವೆ, ಆದ್ದರಿಂದ ತೊಳೆದರೆ ಬೇಗ ಹೋಗುತ್ತವೆ. ಅರ್ಧ ಸತ್ಯ ಎಂದದ್ದು ಇದಕ್ಕಾಗಿ. ತಣ್ಣೀರು ಸುರಿದುಕೊಂಡರೆ ರೋಮಕೂಪ ಮುಚ್ಚುತ್ತದೆ ಎಂಬುದೂ ಇದೇ ಜಾತಿಯ ಮಾತು. ತಣ್ಣೀರಿಗೆ ಮುದುಡುವುದು ರಕ್ತನಾಳ, ಅದರಿಂದ ಕೆಂಪು ಇಳಿಯುತ್ತದೆ ಅಷ್ಟೆ. ಮೊಡವೆಯ ವಿಷಯದಲ್ಲಿ ಸೌನಾವನ್ನು ಚಿಕಿತ್ಸೆಯೆಂದು ಕರೆಯುವುದಕ್ಕೆ ಆಧಾರ ಸಾಲದು, ಏಕೆಂದರೆ ಮೊಡವೆಯ ಮೂಲ ರೋಮಕೂಪದ ಒಳಗಿನ ಕೋಶಗಳ ಬೆಳವಣಿಗೆ, ಹಾರ್ಮೋನು ಮತ್ತು ಉರಿಯೂತದಲ್ಲಿದೆ. ಮೇಲಿನ ಜಿಡ್ಡು ಅದರ ಒಂದು ಅಂಶ ಮಾತ್ರ. ಮೇಕಪ್ ಅಥವಾ ದಪ್ಪ ಎಣ್ಣೆಯ ಲೇಪದೊಂದಿಗೆ ಒಳಗೆ ಕೂತರೆ ಇರುವ ಮೊಡವೆ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ.

ಚರ್ಮರೋಗ ಇರುವವರ ವಿಷಯ ಇದಕ್ಕಿಂತ ಗಂಭೀರವಾದದ್ದು, ಮತ್ತು ಇಲ್ಲಿ ಎಲ್ಲರಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಅಟೊಪಿಕ್ ಡರ್ಮಟೈಟಿಸ್ ಇರುವವರಲ್ಲಿ ಅನೇಕರಿಗೆ ಬೆವರು ಬಂದೊಡನೆ ತುರಿಕೆ ಹೆಚ್ಚುತ್ತದೆ. ಇದಕ್ಕೆ ಉಪ್ಪಿನ ಉರಿಯೊಂದೇ ಕಾರಣವಲ್ಲ. ಮನುಷ್ಯರೆಲ್ಲರ ಚರ್ಮದ ಮೇಲೂ ವಾಸಿಸುವ ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರದ ಒಂದು ಪ್ರೋಟೀನು ಬೆವರಿನಲ್ಲಿ ಕರಗಿ, ಇಂಥ ರೋಗಿಗಳ ದೇಹದಲ್ಲಿ ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ ಎಂದು ಜಪಾನಿನ ಹಿರೋಷಿಮಾದ ಸಂಶೋಧಕರು 2013ರಲ್ಲಿ ತೋರಿಸಿದರು. ಬೆವರನ್ನು ಕೂಡಲೇ ತೊಳೆದುಕೊಂಡರೆ ಇವರಲ್ಲಿ ಕೆಲವರು ಸೌನಾವನ್ನು ತಡೆದುಕೊಳ್ಳಬಲ್ಲರು. ರೋಗ ಉಲ್ಬಣಿಸಿ ಚರ್ಮ ಬಿರಿದಿರುವಾಗ ಮಾತ್ರ ಆ ಸಾಹಸ ಬೇಡ. ಸೋರಿಯಾಸಿಸ್ ಇರುವವರಿಗೆ ಬೆಚ್ಚಗಿನ ತೇವದಿಂದ ಹೊಟ್ಟು ಮೆತ್ತಗಾಗಿ ಉದುರುತ್ತದೆ, ಆಮೇಲೆ ಹಚ್ಚುವ ಔಷಧ ಚೆನ್ನಾಗಿ ಇಳಿಯುತ್ತದೆ. ಆದರೆ ಆ ಹೊಟ್ಟನ್ನು ಉಜ್ಜಿ ಕೀಳಲು ಹೋದರೆ, ಗಾಯವಾದ ಜಾಗದಲ್ಲಿಯೇ ಹೊಸ ಸೋರಿಯಾಸಿಸ್ ಮೂಡುವ ಸ್ವಭಾವ ಆ ಕಾಯಿಲೆಗಿದೆ.

ಮುಖ ಪದೇ ಪದೇ ಕೆಂಪೇರಿ ಸೂಕ್ಷ್ಮ ರಕ್ತನಾಳಗಳು ಎದ್ದು ಕಾಣುವ ರೊಸೇಸಿಯಾ ಇರುವವರಿಗೆ ಶಾಖವೇ ಪ್ರಮುಖ ಪ್ರಚೋದಕ. ಇವರು ಸೌನಾದಿಂದ ದೂರವಿರುವುದೇ ಲೇಸು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಬಂಗು ಇರುವವರಲ್ಲಿಯೂ ಶಾಖ ಬಣ್ಣವನ್ನು ಗಾಢಗೊಳಿಸಬಹುದೆಂದು ಚರ್ಮತಜ್ಞರು ಎಚ್ಚರಿಸುತ್ತಾರೆ, ಬಿಸಿಲಿನ ಪಾತ್ರ ಅದಕ್ಕಿಂತ ದೊಡ್ಡದಾದರೂ. ಕೋಲಿನರ್ಜಿಕ್ ಅರ್ಟಿಕೇರಿಯಾ ಎಂಬ ಇನ್ನೊಂದು ಬಗೆಯಿದೆ: ಮೈ ಬಿಸಿಯಾಗಿ ಬೆವರು ಒಡೆಯುವ ಹೊತ್ತಿಗೆ ಸಾಸಿವೆ ಗಾತ್ರದ ದದ್ದುಗಳು ಎದೆ, ಕುತ್ತಿಗೆ, ತೋಳುಗಳ ಮೇಲೆ ಏಳುತ್ತವೆ, ಚುಚ್ಚಿದಂತೆ ತುರಿಸುತ್ತವೆ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತವೆ. ಹೀಗೆ ಒಮ್ಮೆ ಎದ್ದು ಇಳಿದ ಮೇಲೆ ಕೆಲವು ಗಂಟೆಗಳ ಕಾಲ ಮತ್ತೆ ಏಳುವುದಿಲ್ಲ. ಈ ಬಿಡುವನ್ನೇ ಬಳಸಿಕೊಂಡು, ನಿಯಮಿತವಾಗಿ ಬೆವರಿಸುವ ಮೂಲಕ ಕೆಲವರಲ್ಲಿ ತೊಂದರೆಯನ್ನು ಕಡಿಮೆ ಮಾಡುವ ಕ್ರಮವೂ ಉಂಟು. ಅದು ವೈದ್ಯರ ಕಣ್ಣಳತೆಯಲ್ಲಿ ನಡೆಯಬೇಕಾದ ಕೆಲಸ, ಏಕೆಂದರೆ ತೀವ್ರವಾದಾಗ ಉಸಿರಾಟಕ್ಕೂ ತೊಂದರೆಯಾಗಬಹುದು. ಹುಟ್ಟಿನಿಂದಲೇ ಬೆವರಗ್ರಂಥಿಗಳು ಕಡಿಮೆಯಿರುವವರಿಗೆ ತಣಿಸಿಕೊಳ್ಳುವ ದಾರಿಯೇ ಇಲ್ಲದಿರುವುದರಿಂದ ಸೌನಾ ಅಪಾಯಕಾರಿ.

ಇನ್ಫ್ರಾರೆಡ್ ಸೌನಾಗಳ ಮಾರಾಟದಲ್ಲಿ ಸುಕ್ಕು ಮತ್ತು ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನಾದ ಕೊಲಾಜೆನ್‌ನ ಮಾತು ಹೆಚ್ಚು ಕೇಳಿಬರುತ್ತದೆ. ಇವುಗಳಲ್ಲಿ ಅನೇಕವು ಬಳಸುವ ದೂರ ಅವಕೆಂಪು ಕಿರಣಗಳನ್ನು ಚರ್ಮದಲ್ಲಿರುವ ನೀರು ಮಿಲಿಮೀಟರಿನ ಒಂದು ಸಣ್ಣ ಪಾಲಿನ ಆಳದಲ್ಲೇ ಹೀರಿಕೊಳ್ಳುತ್ತದೆ. ಕೊಲಾಜೆನ್ ಇರುವ ಆಳಕ್ಕೆ ಅವು ಕಿರಣಗಳಾಗಿ ತಲುಪುವುದು ತೀರಾ ಕಡಿಮೆ, ಶಾಖವಾಗಿ ಮಾತ್ರ ತಲುಪುತ್ತವೆ. ಹತ್ತಿರದ ಅವಕೆಂಪು ಕಿರಣಗಳು ಕೆಲವು ಮಿಲಿಮೀಟರ್ ಒಳಹೋಗಬಲ್ಲವು. ಶಾಖಕ್ಕೆ ಕೋಶಗಳ ಪ್ರತಿಕ್ರಿಯೆಯೋ ಎರಡು ದಿಕ್ಕಿನದು. ಒಂದು ಕಡೆ, ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಶಾಖಾಘಾತ ಪ್ರೋಟೀನುಗಳು ಹೆಚ್ಚುತ್ತವೆ. ಅವುಗಳಲ್ಲಿ ಎಚ್‌ಎಸ್‌ಪಿ 47 ಎಂಬುದು ಕೊಲಾಜೆನ್ ರಚನೆಗೆ ಅವಶ್ಯಕ. ಇನ್ನೊಂದು ಕಡೆ, ಪ್ರಯೋಗಾಲಯದಲ್ಲಿ ಚರ್ಮದ ಕೋಶಗಳನ್ನು 42, 43 ಡಿಗ್ರಿಗೆ ಕಾಯಿಸಿದಾಗ ಕೊಲಾಜೆನ್ ಅನ್ನು ಕತ್ತರಿಸುವ ಎಂಎಂಪಿ-1 ಎಂಬ ಕಿಣ್ವವೂ ಹೆಚ್ಚುತ್ತದೆ. ಮಾರಾಟಗಾರರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ವಿರೋಧಿಗಳು ಎರಡನೆಯದನ್ನು ಮಾತ್ರ. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಫಲಿತಾಂಶವನ್ನು ನೇರವಾಗಿ ಯಾರದೋ ಮುಖದ ಸುಕ್ಕಿಗೆ ಹೊಂದಿಸುವುದು ಎರಡೂ ಕಡೆಯವರಿಗೂ ತರವಲ್ಲ. ಸೌನಾದ ಶಾಖದಲ್ಲಿ ನೇರಳಾತೀತ ಕಿರಣಗಳಿಲ್ಲ ಎಂಬುದು ಮಾತ್ರ ನಿಶ್ಚಿತ. ಚರ್ಮವನ್ನು ಕಂದಾಗಿಸುವ ಟ್ಯಾನಿಂಗ್ ಯಂತ್ರಗಳೊಂದಿಗೆ ಇದನ್ನು ಸೇರಿಸಿ ಹೆದರುವುದು ಬೇಡ. ಚರ್ಮದ ಮೇಲೆ ಬಲೆಯಂತೆ ಕಂದು ಗೆರೆಗಳು ಮೂಡುವ ಎರಿತೀಮಾ ಅಬ್ ಇಗ್ನೆ ಎಂಬ ಸ್ಥಿತಿ ಹೆಚ್ಚಾಗಿ ಬರುವುದು ಒಂದೇ ಜಾಗಕ್ಕೆ 43ರಿಂದ 47 ಡಿಗ್ರಿಯ ಶಾಖ ದಿನಗಟ್ಟಲೆ ತಗುಲಿದಾಗ, ಉದಾಹರಣೆಗೆ ಕಾವು ಕೊಡುವ ಪ್ಯಾಡ್ ಅಥವಾ ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ. ಇನ್ಫ್ರಾರೆಡ್ ಫಲಕಕ್ಕೆ ಬೆನ್ನು ಒತ್ತಿ ದಿನವೂ ಕೂರುವವರು ಇದನ್ನು ನೆನಪಿಡುವುದು ಒಳಿತು.

ಸುಟ್ಟಗಾಯದ ಅಪಾಯ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಒಲೆಗೆ ಮೈ ತಗುಲುವುದು, ಹಬೆ ಬಡಿಯುವುದು ಎಲ್ಲರೂ ಊಹಿಸಬಹುದಾದ ಸಂಗತಿಗಳು. ಮದ್ಯಪಾನ ಮಾಡಿ ಒಳಗೆ ನಿದ್ದೆಹೋದವರಲ್ಲಿ ಬಿಸಿ ಗಾಳಿಯಿಂದಲೇ ಆಗುವ ಗಾಯ ಇನ್ನೂ ಭೀಕರ. ಫಿನ್ಲೆಂಡಿನ ವೈದ್ಯರು ವರದಿ ಮಾಡಿರುವ ಇಂಥ ಪ್ರಕರಣಗಳಲ್ಲಿ ಚರ್ಮದಡಿಯ ಸ್ನಾಯುಗಳಿಗೂ ಹಾನಿಯಾಗಿರುತ್ತದೆ. ಫಿನ್ಲೆಂಡಿನ ಹೈನೊಲಾ ಪಟ್ಟಣದಲ್ಲಿ 1999ರಿಂದ ನಡೆಯುತ್ತಿದ್ದ ವಿಶ್ವ ಸೌನಾ ಸ್ಪರ್ಧೆಯ 2010ರ ಅಂತಿಮ ಸುತ್ತಿನಲ್ಲಿ, 110 ಡಿಗ್ರಿಯ ಕೋಣೆಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಕಲ್ಲಿಗೆ ನೀರು ಬೀಳುತ್ತಿತ್ತು. ಆರೇ ನಿಮಿಷಗಳಲ್ಲಿ ಇಬ್ಬರೂ ಸ್ಪರ್ಧಿಗಳು ಕುಸಿದರು, ಒಬ್ಬರು ಮೃತಪಟ್ಟರು, ಇನ್ನೊಬ್ಬರು ತೀವ್ರ ಸುಟ್ಟಗಾಯಗಳೊಂದಿಗೆ ಬದುಕುಳಿದರು. ಸ್ಪರ್ಧೆ ಅಲ್ಲಿಗೇ ನಿಂತಿತು. ಶಾಖದ ವಿಷಯದಲ್ಲಿ ಪಂದ್ಯ ಕಟ್ಟುವುದರ ಅರ್ಥವೇ ನನಗೆ ತಿಳಿಯದು.

ಚರ್ಮಕ್ಕೆ ಅಂಟಿಸುವ ಔಷಧದ ಪ್ಯಾಚುಗಳ ಬಗ್ಗೆ ಮಾತ್ರ ಸಾಕಷ್ಟು ಜನ ಮಾತನಾಡುವುದಿಲ್ಲ. ನೋವಿಗೆ ಕೊಡುವ ಫೆಂಟನಿಲ್, ಹೃದಯಕ್ಕೆ ಕೊಡುವ ನೈಟ್ರೊಗ್ಲಿಸರಿನ್, ಧೂಮಪಾನ ಬಿಡಲು ಬಳಸುವ ನಿಕೋಟಿನ್ ಪ್ಯಾಚುಗಳು ಶಾಖಕ್ಕೆ ಸಿಕ್ಕಾಗ, ಹಿಗ್ಗಿದ ರಕ್ತನಾಳ ಮತ್ತು ಸಡಿಲವಾದ ಹೊರಪದರದ ಮೂಲಕ ಔಷಧ ಎಂದಿಗಿಂತ ವೇಗವಾಗಿ ರಕ್ತಕ್ಕೆ ಸೇರುತ್ತದೆ. ಫೆಂಟನಿಲ್ ವಿಷಯದಲ್ಲಿ ಇದು ಪ್ರಾಣಾಪಾಯದ ಮಾತು. ಪ್ಯಾಚ್ ಹಾಕಿಕೊಂಡಿರುವವರು ತಾವಾಗಿಯೇ ಅದನ್ನು ಕಿತ್ತು ಒಳಹೋಗುವುದಕ್ಕಿಂತ, ವೈದ್ಯರನ್ನು ಕೇಳದೆ ಸೌನಾಕ್ಕೇ ಹೋಗದಿರುವುದು ಸುರಕ್ಷಿತ.

ಆರೋಗ್ಯವಂತ ಚರ್ಮದವರು ಅನುಸರಿಸಬಹುದಾದ ಕ್ರಮ ಸರಳವಾಗಿದೆ, ಮತ್ತು ಅದರ ತೂಕವೆಲ್ಲ ಹೊರಬಂದ ಮೇಲಿನ ಹೊತ್ತಿನ ಮೇಲೆ ಬೀಳುತ್ತದೆ. ಒಳಹೋಗುವ ಮುನ್ನ ಮೇಕಪ್ ತೊಳೆದು, ಉಂಗುರ ಸರಗಳನ್ನು ತೆಗೆದಿಡಬೇಕು; ಲೋಹ ಗಾಳಿಗಿಂತ ಬೇಗ ಶಾಖವನ್ನು ಚರ್ಮಕ್ಕೆ ದಾಟಿಸುತ್ತದೆ. ಹಲಗೆಯ ಮೇಲೆ ಟವೆಲ್ ಹಾಸಿ ಕೂರಬೇಕು, ನಡೆದಾಡುವ ತೇವದ ನೆಲದಲ್ಲಿ ಚಪ್ಪಲಿ ಇರಬೇಕು. ಕಾಲ್ಬೆರಳ ಸಂದಿನ ಶಿಲೀಂಧ್ರ ಹರಡುವುದು ಅಂಥ ನೆಲದಿಂದಲೇ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಒಂದೇ ಸರದಿಯಲ್ಲಿ ಕೂರುವುದರಿಂದ ಚರ್ಮಕ್ಕೆ ಹೆಚ್ಚಿನ ಪ್ರಯೋಜನವೇನೂ ಕಾಣೆ. ಅಂದೇ ಕ್ಷೌರ ಮಾಡಿಕೊಂಡ, ಬಿಸಿಲಿಗೆ ಬೆಂದ, ಹೊಸದಾಗಿ ಹಚ್ಚೆ ಹಾಕಿಸಿಕೊಂಡ, ಲೇಸರ್ ಅಥವಾ ರಾಸಾಯನಿಕ ಪೀಲಿಂಗ್ ಆದ ಚರ್ಮಕ್ಕೆ ಮೊದಲು ಮಾಯುವ ಅವಕಾಶ ಕೊಡಬೇಕು.

ಹೊರಬಂದ ಮೇಲೆ ಮೈ ಮೃದುವಾಗಿದೆ ಎಂಬ ಭಾವನೆಯಿಂದ ಉಜ್ಜುಗಲ್ಲನ್ನೋ ಒರಟು ಸ್ಕ್ರಬ್ಬನ್ನೋ ಕೈಗೆತ್ತಿಕೊಳ್ಳುವವರಿದ್ದಾರೆ. ಗೋಡೆ ಸಡಿಲವಾಗಿರುವ ಹೊತ್ತಿನಲ್ಲಿ ಅದನ್ನು ಕೆರೆಯುವುದು ಸರಿಯಾದ ಕ್ರಮವಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಬೆವರು, ಉಪ್ಪು ಹೋಗುವಷ್ಟು ತೊಳೆದರೆ ಸಾಕು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10ರಷ್ಟು ಇರುವುದರಿಂದ, ಚರ್ಮ ತನ್ನ ಆಮ್ಲೀಯತೆಯನ್ನು ಮರಳಿ ಪಡೆಯಲು ಹೆಣಗುತ್ತಿರುವಾಗ ಮೈತುಂಬ ಅದನ್ನು ಬಳಿದುಕೊಳ್ಳುವುದಕ್ಕಿಂತ ಕಂಕುಳು, ತೊಡೆಸಂದು, ಪಾದಗಳಿಗೆ ಸೌಮ್ಯ ಕ್ಲೆನ್ಸರ್ ಬಳಸುವುದು ಮೇಲು. ಟವೆಲ್ಲಿನಿಂದ ಒತ್ತಿ ಒರಸಿ, ಬೆವರುವುದು ನಿಂತು ಮೈ ಇನ್ನೂ ತುಸು ತೇವವಾಗಿರುವಾಗಲೇ ಸೆರಮೈಡ್ ಅಥವಾ ಯೂರಿಯಾ ಇರುವ ಮಾಯಿಶ್ಚರೈಸರ್ ಹಚ್ಚುವುದು ನನ್ನ ಪದ್ಧತಿ. ಇದನ್ನು ಮಾಡಿದ ದಿನಕ್ಕೂ ಸೋಮಾರಿತನದಿಂದ ಬಿಟ್ಟ ದಿನಕ್ಕೂ ಮೊಣಕಾಲಿನ ಕೆಳಗೆ ನನಗೆ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ. ರೆಟಿನಾಯ್ಡ್, ಗ್ಲೈಕಾಲಿಕ್ ಆಮ್ಲದಂತಹ ಚುರುಕಿನ ಲೇಪನಗಳನ್ನು ಆ ರಾತ್ರಿ ಬಿಡುವುದು ಉತ್ತಮ, ಸಡಿಲ ಚರ್ಮದಲ್ಲಿ ಅವು ಬೇಕಾದುದಕ್ಕಿಂತ ಹೆಚ್ಚು ಇಳಿಯುತ್ತವೆ. ನೀರು ಕುಡಿಯುವುದು ಕಳೆದುಕೊಂಡ ಬೆವರನ್ನು ತುಂಬಲು ಅವಶ್ಯಕ, ಆದರೆ ಕುಡಿದ ನೀರು ಹೊರಪದರಕ್ಕೆ ಬಂದು ತೇವ ಕೊಡುತ್ತದೆಂದು ಎಣಿಸಿ ಕ್ರೀಮ್ ಬಿಡುವುದು ಬೇಡ.

ಸೌನಾ ತನ್ನ ಚರ್ಮಕ್ಕೆ ಒಗ್ಗುತ್ತಿದೆಯೇ ಎಂದು ತಿಳಿಯಬಯಸುವವರು ಹೊರಬಂದ ಕ್ಷಣದ ಕನ್ನಡಿಯನ್ನು ನಂಬದೆ ಮರುದಿನ ಬೆಳಗಿನವರೆಗೆ ಕಾಯಬೇಕು. ಆಗ ಚರ್ಮ ಬಿಗಿದಂತಿದ್ದರೆ, ಹೊಟ್ಟು ಏಳುತ್ತಿದ್ದರೆ, ತುರಿಸುತ್ತಿದ್ದರೆ ಉಷ್ಣಾಂಶವನ್ನೋ ಸಮಯವನ್ನೋ ತಗ್ಗಿಸಿ, ಸರದಿಗಳ ನಡುವಿನ ದಿನಗಳನ್ನು ಹೆಚ್ಚಿಸಿ ನೋಡಬಹುದು. ಕೆಲವು ವಾರಗಳಾದರೂ ಹಾಗೆಯೇ ಮುಂದುವರಿದರೆ ಸೌನಾವನ್ನು ನಿಲ್ಲಿಸಿ ಚರ್ಮತಜ್ಞರಿಗೆ ತೋರಿಸುವುದು ಸೂಕ್ತ.